ನಾಲಬಂದನ ಚಾರೋಳಿ

ಘಾಟಬೋರಾಳದ ಮೂಡಣ ದಿಕ್ಕಿಗೆ, ಮಹಾರುದ್ರಪ್ಪನ ಹೊಲ ಮುಗಿದು ಸರಕಾರದ ಕುರುಚಲು ಗುಡ್ಡ ಶುರುವಾಗುವ ಕಡೆ ಒಂದು ಚಾರೋಳಿ ಗಿಡವಿದೆ. ದೂರದಿಂದ ನೋಡಿದರೆ ಅದು ಕಣ್ಣಿಗೆ ಬೀಳುವಂಥ ಗಿಡವಲ್ಲ. ಬೇವಿನಷ್ಟು ನೆರಳಿಲ್ಲ, ಹುಣಸೆಯಷ್ಟು ಗಾತ್ರವಿಲ್ಲ. ಮೂರಾಳೆತ್ತರ ಬೆಳೆದು, ಇಷ್ಟು ಸಾಕು ಎಂದು ನಿಂತುಬಿಟ್ಟಿದೆ. ತೊಗಟೆ ಮೊಸಳೆಯ ಬೆನ್ನಿನ ಹಾಗೆ ಚೌಕ ಚೌಕವಾಗಿ ಒಡೆದಿದೆ. ಎಲೆ ದಪ್ಪ, ಕೈಗೆ ಚರ್ಮದಂತೆ ಹತ್ತುತ್ತದೆ. ಕಾಲೂರಿದ ನೆಲವೋ ಬರೀ ಮುರುಮು. ಸಜ್ಜೆ ಬಿತ್ತಿದರೂ ಬಾರದ ನೆಲ. ಅಲ್ಲಿ ಅದು ಏನು ಉಣ್ಣುತ್ತದೆ, ಏನು ಕುಡಿಯುತ್ತದೆ, ಕೊಟ್ಟವನಿಗೇ ಗೊತ್ತು. ಆದರೆ ವೈಶಾಖದ ಬಿಸಿಲಿಗೆ ಬಾವಿಗಳು ತಳ ತೋರಿಸುವ ಹೊತ್ತಿನಲ್ಲಿ, ಮೇವಿಲ್ಲದೆ ದನಗಳು ಮೂಳೆ ಎಣಿಸಿಕೊಳ್ಳುವ ಹೊತ್ತಿನಲ್ಲಿ, ಈ ಗಿಡದ ತುಂಬ ಕಪ್ಪು ಹಣ್ಣಿನ ಗೊಂಚಲು ತೂಗುತ್ತದೆ. ಬಟಾಣಿ ಕಾಳಿಗಿಂತ ತುಸು ದೊಡ್ಡ ಹಣ್ಣು. ಮೇಲಿನ ತಿರುಳು ಹುಳಿಸಿಹಿ. ಅದರೊಳಗೆ ಕಲ್ಲಿನಂಥ ವಾಟೆ, ವಾಟೆಯೊಳಗೆ ಬಾದಾಮಿಯ ತಂಗಿಯಂಥ ಕಾಳು. ದನಗಾಹಿಗಳಿಗೆ, ಗಿಳಿ ಪಿಕಳಾರಗಳಿಗೆ ಹಣ್ಣು, ಅಡಿಗೆಮನೆಗೆ ಕಾಳು. ಯಾರೂ ನೀರೆರೆಯದ ಗಿಡ ಇಷ್ಟು ಜನರನ್ನು ಸಾಕುತ್ತದೆ.

ಆ ಗಿಡವನ್ನು ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ಬಲ್ಲವನು ನಾಲಬಂದ ಗಯಾಸುದ್ದೀನ್. ಎತ್ತುಗಳನ್ನು ನೆಲಕ್ಕೆ ಕೆಡವಿ ಗೊರಸಿಗೆ ಕಬ್ಬಿಣದ ನಾಲು ಹೊಡೆಯುವುದು ಅವನ ಮನೆತನದ ಕಸುಬು. ಒಂದು ದಿನ ಬೇಮಳಖೇಡ, ಒಂದು ದಿನ ಮನ್ನಾಏಖೇಳ್ಳಿ ಎಂದು ಸುತ್ತಿ, ಸಂಜೆ ಹಿಂದಿರುಗುವಾಗ ಗಿಡದ ಕೆಳಗೆ ಒಂದು ಗಳಿಗೆ ನಿಂತೇ ಮನೆಗೆ ಬರುವವನು. ಹಣ್ಣಿನ ಕಾಲದಲ್ಲಿ ಅವನು ಅದಕ್ಕೆ ಕೊಡಲಿ ತಾಗಿಸುತ್ತಿರಲಿಲ್ಲ, ಕೊಂಬೆ ಹಿಡಿದು ಜಗ್ಗುತ್ತಿರಲಿಲ್ಲ. ಕೆಳಗೆ ಹಳೆಯ ಚಾದರ ಹಾಸಿ, ಬಿದಿರಿನ ಕೋಲಿನಿಂದ ಮೆಲ್ಲಗೆ ತಟ್ಟಿ, ಉದುರಿದ್ದನ್ನು ಮಾತ್ರ ಗಂಟು ಕಟ್ಟುತ್ತಿದ್ದ. ಉದುರದ್ದು ಹಕ್ಕಿಯದು ಎನ್ನುತ್ತಿದ್ದ.

ಗಂಟು ಮನೆಗೆ ಬಂದ ಮೇಲಿನದೆಲ್ಲ ಅವನ ಹೆಂಡತಿ ವಜೀರಬಿಯ ಕೆಲಸ. ತಿರುಳು ತಿಕ್ಕಿ ತೊಳೆಯುವುದು, ಒಣಗಿಸುವುದು, ಗಡಿಗೆ ತುಂಬಿಡುವುದು, ಬೇಕಾದಾಗ ಒಡೆದು ಕಾಳು ತೆಗೆಯುವುದು. ಅವಳು ಬಸವಕಲ್ಯಾಣದ ಕೋಟೆಯ ಹತ್ತಿರದ ಗಲ್ಲಿಯಲ್ಲಿ ಹುಟ್ಟಿದವಳು; ಈ ಕೆಲಸವನ್ನು ತಾಯಿಯ ಮಗ್ಗುಲಲ್ಲಿ ಕೂತು ಕಲಿತು ಬಂದಿದ್ದಳು. ರಮಜಾನ್ ಹಬ್ಬದ ಬೆಳಿಗ್ಗೆ ಹಾಲು, ಶಾವಿಗೆ, ಉತ್ತತ್ತಿ ಹಾಕಿ, ಮೇಲೆ ತುಪ್ಪದಲ್ಲಿ ಕೆಂಪಗೆ ಹುರಿದ ಚಾರೋಳಿ ಉದುರಿಸಿ ಅವಳು ಮಾಡುವ ಸುರಕುಂಬಾದ ಮೊದಲ ಡಬ್ಬಿ ಹೋಗುತ್ತಿದ್ದುದು ಮಹಾರುದ್ರಪ್ಪನ ಮನೆಗೆ. ಮಹಾರುದ್ರಪ್ಪನೂ ಗಯಾಸುದ್ದೀನನೂ ನಾಲ್ಕನೆಯ ಇಯತ್ತೆಯ ತನಕ ಒಂದೇ ಹಲಗೆಯ ಮೇಲೆ ಕೂತವರು. ಮಹಾರುದ್ರಪ್ಪ ಲಿಂಗಪೂಜೆ ಮುಗಿಸಿ, ವಿಭೂತಿ ಆರುವ ಮೊದಲೇ ಕಟ್ಟೆಗೆ ಬಂದು ಡಬ್ಬಿಯ ದಾರಿ ನೋಡುತ್ತಿದ್ದ. ಗಿಡ ನನ್ನ ಬದುವಿಗೆ ಹೊಂದಿದೆ, ಆದ್ದರಿಂದ ನನ್ನ ಬಟ್ಟಲಿಗೆ ಚಾರೋಳಿ ಹೆಚ್ಚು ಬೀಳಬೇಕು ಎಂದು ಪ್ರತಿ ವರ್ಷ ತಕರಾರು ತೆಗೆಯುತ್ತಿದ್ದ. ಗಿಡ ಸರಕಾರದ್ದು, ನಿನ್ನ ಕಡೆ ಬೀಳುವುದು ನೆರಳು ಮಾತ್ರ, ಬೇಕಾದರೆ ನೆರಳನ್ನು ಕುಡಿ ಎಂದು ಗಯಾಸುದ್ದೀನ್ ಹೇಳುತ್ತಿದ್ದ.

ಒಂದು ಕಾಲಕ್ಕೆ ಗುಡ್ಡದಲ್ಲಿ ಏಳೆಂಟು ಚಾರೋಳಿ ಗಿಡಗಳಿದ್ದವು. ಹಸಿ ಕಾಯಿಯ ಆಸೆಗೆ ಕೊಂಬೆ ಸಹಿತ ಕಡಿದೊಯ್ಯುವವರ ಕೈಯಲ್ಲಿ ಅವು ಒಂದೊಂದಾಗಿ ಹೋದವು. ಕೊನೆಗೆ ಇದೊಂದು ಉಳಿದಾಗ, ಇದರ ಸಂತಾನವೊಂದನ್ನು ಬೆಳೆಸಿಯೇ ತೀರುತ್ತೇನೆ ಎಂದು ಗಯಾಸುದ್ದೀನ್ ಹಟ ಹಿಡಿದ. ಗಿಡ ನೆಟ್ಟವನು ಮಣ್ಣಿಗೆ ಹೋದ ಮೇಲೂ ಅದರ ಹಣ್ಣನ್ನು ಹಕ್ಕಿ ತಿಂದರೆ, ಮನುಷ್ಯ ತಿಂದರೆ, ಆ ದಾನ ನೆಟ್ಟವನ ಹೆಸರಿಗೇ ಸಲ್ಲುತ್ತದೆ ಎಂದು ಮಸೀದಿಯಲ್ಲಿ ಕೇಳಿದ ಮಾತು ಅವನ ಎದೆಯಲ್ಲಿ ಕೂತಿತ್ತು. ಪ್ರತಿ ವರ್ಷ ಮುಂಗಾರಿನ ಮೊದಲ ಮಳೆಯಾದ ಮಿರಗದ ಮಳೆ ಬಿದ್ದ ಮರುದಿನ ಮನೆಯ ಗಡಿಗೆಯಿಂದ ಒಂದು ಹಿಡಿ ವಾಟೆ ತೆಗೆದುಕೊಂಡು ಹೋಗಿ, ಮಹಾರುದ್ರಪ್ಪನ ಬದುವಿನುದ್ದಕ್ಕೂ ಊರುತ್ತಿದ್ದ. ಮಳೆ ಕೈಕೊಟ್ಟರೆ ಬಾವಿಯಿಂದ ನೀರು ಹೊತ್ತು ಹಾಕುತ್ತಿದ್ದ. ಶ್ರಾವಣದ ತನಕ ಹೋಗಿ ಹೋಗಿ ನೋಡುತ್ತಿದ್ದ. ಒಂದೂ ಮೊಳೆಯಲಿಲ್ಲ. ಮೂವತ್ತು ವರ್ಷದಲ್ಲಿ ಒಂದೇ ಒಂದು ಬೀಜ ಮೊಳೆಯಲಿಲ್ಲ.

"ಗಯಾಸ್, ಎತ್ತಿಗಿ ಹೊಡದ್ಹಂಗ ಈ ಬೀಜಕ್ಕೂ ನಾಲ ಹೊಡದಿ ಏನೋ ಮಾರಾಯ. ಅದಕ್ಕs ಏಳವಲ್ದು," ಎಂದು ಮಹಾರುದ್ರಪ್ಪ ಕೆಣಕುತ್ತಿದ್ದ.

"ನಾಲ ಹೊಡದ ಮ್ಯಾಲೆ ಎತ್ತು ಮಲಗೇ ಇರ್ತದೇನು? ತಡಿ. ಎದ್ದು ನಿಂತ ದಿನ ನಿನ್ನ ಹೊಲಾನೇ ಮೇಯ್ತದ," ಎಂದು ಅವನ ಉತ್ತರ. ಮತ್ತೆ ಮರುವರ್ಷ ಒಂದು ಹಿಡಿ ವಾಟೆ.

ಹೋದ ಚಳಿಗಾಲದಲ್ಲಿ ಒಂದು ದಿನ, ಬೆಳಗಿನ ನಮಾಜಿಗೆ ಕೈಕಾಲು ತೊಳೆಯಲು ಎದ್ದ ಗಯಾಸುದ್ದೀನ್ ಕಟ್ಟೆಯ ಮೇಲೆ ಕೂತಲ್ಲೇ ಹೋದ. ಯಾರಿಗೂ ಒಂದು ಲೋಟ ನೀರು ಕೊಡುವ ತೊಂದರೆಯನ್ನೂ ಕೊಡಲಿಲ್ಲ.

ಗಂಡ ಸತ್ತ ಹೆಣ್ಣು ನಾಲ್ಕು ತಿಂಗಳು ಹತ್ತು ದಿನ ಹೊಸ್ತಿಲು ದಾಟದೆ ಇರುವ ಇದ್ದತ್ ಎಂಬ ನೇಮವುಂಟು. ವಜೀರಬಿ ಅದನ್ನು ತಪ್ಪದೆ ನಡೆಸಿದಳು. ಆ ನಡುವೆ ರಮಜಾನ್ ಬಂದು ಹೋಯಿತು. ಮನೆಯಲ್ಲಿ ಸುರಕುಂಬಾ ಆಗಲಿಲ್ಲ. ನಮಾಜಿನ ಚಾಪೆಯ ಮೇಲೆ ಕೂತಾಗೆಲ್ಲ ಅವಳಿಗೆ ಒಂದೇ ವಿಚಾರ. ಆ ಮನುಷ್ಯ ಜೀವಮಾನದಲ್ಲಿ ತನಗಾಗಿ ಬೇಡಿದ್ದು ಒಂದು ಗಿಡ. ಅದು ಸಿಗಲಿಲ್ಲ. ಹೆಂಗಸರು ಖಬರಸ್ತಾನದ ಒಳಗೆ ಹೋಗುವ ಪದ್ಧತಿ ಊರಲ್ಲಿಲ್ಲ. ಹೊರಗೋಡೆಯ ಹತ್ತಿರ ನಿಂತು ಫಾತಿಹಾ ಓದಿ ಬರಬೇಕು. ಗೋಡೆಯ ಆಚೆ ಅವನ ತಲೆಯ ಕಡೆ ಒಂದು ಚಾರೋಳಿ ಎದ್ದರೆ, ಅದರ ನೆತ್ತಿ ಗೋಡೆಯ ಮೇಲಿಂದ ಕಾಣುತ್ತದೆ. ಅಷ್ಟು ಕಂಡರೆ ಸಾಕು, ಅವರು ಅಲ್ಲಿದ್ದಾರೆಂದು ತಿಳಿದು ಬದುಕಿರುವ ತನಕ ಬದುಕಬಹುದು ಎಂದುಕೊಂಡಳು. ಬೀಜದ ಚಿಂತೆ ಇರಲಿಲ್ಲ. ಗಡಿಗೆ ತುಂಬ ವಾಟೆ ಹಾಗೆಯೇ ಇತ್ತು.

ಇದ್ದತ್ ಮುಗಿದ ಮೂರನೆಯ ದಿನ ಅವಳು ಒಂದು ಸೇರು ವಾಟೆಯನ್ನು ಸೆರಗಿಗೆ ಕಟ್ಟಿಕೊಂಡು ಮಹಾರುದ್ರಪ್ಪನ ಹೊಲಕ್ಕೆ ಹೋದಳು. ಅವನ ಹೆಂಡತಿ ಕಸ್ತೂರಿಬಾಯಿ ಬಾವಿಯ ಕಟ್ಟೆಯ ಮೇಲೆ, ಮಾವಿನ ನೆರಳಲ್ಲಿ, ಬಿತ್ತನೆಗೆಂದು ಇಟ್ಟ ತೊಗರಿಯನ್ನು ಮೊರದಲ್ಲಿ ಆರಿಸುತ್ತಿದ್ದಳು. ಇಬ್ಬರೂ ಮೊದಲು ಅತ್ತರು. ಅತ್ತು ಮುಗಿದ ಮೇಲೆ ವಜೀರಬಿ ಗಂಟು ಬಿಚ್ಚಿ, ಬಂದ ಕೆಲಸ ಹೇಳಿದಳು. ಬಿತ್ತುವ ಕೈಗುಣ ನಿನ್ನದು ಒಳ್ಳೆಯದು, ಈ ಸಲ ನೀನು ಊರಿ ಕೊಡು ಎಂದಳು.

ಕಸ್ತೂರಿಬಾಯಿ ಒಂದು ವಾಟೆಯನ್ನು ಎತ್ತಿ ಬೆಳಕಿಗೆ ಹಿಡಿದು ತಿರುಗಿಸಿದಳು. "ಅಕ್ಕಾ, ಇದರ ಮೈಮ್ಯಾಗ ಕಂದು ಕಲೆ ಯಾಕ ಅದ?"

"ಹೆಂಚಿಂದು ಇರಬೇಕು."

"ಹೆಂಚಿಂದು ಅಂದ್ರ?"

ವಜೀರಬಿ ವಿವರಿಸಿದಳು. ತೊಳೆದು ಒಣಗಿಸಿದ ಮೇಲೆ ಹೆಂಚಿನಲ್ಲಿ ಮರಳು ಕಾಯಿಸಿ, ವಾಟೆಯನ್ನು ಅದರಲ್ಲಿ ಎರಡು ಸುತ್ತು ಆಡಿಸಬೇಕು. ಹಾಗೆ ಮಾಡಿದರೆ ನುಸಿ ಹತ್ತುವುದಿಲ್ಲ, ವರ್ಷ ಇಟ್ಟರೂ ಮುಗ್ಗುವುದಿಲ್ಲ. ಕಲ್ಲಿನಿಂದ ಒಂದು ಪೆಟ್ಟು ಹಾಕಿದರೆ ವಾಟೆ ಎರಡು ಹೋಳಾಗಿ ಕಾಳು ಇಡಿಯಾಗಿ ಬರುತ್ತದೆ. ಬಸವಕಲ್ಯಾಣದಲ್ಲಿ ಅವಳ ತಾಯಿ ಹಾಗೆ ಮಾಡುತ್ತಿದ್ದಳು, ತಾಯಿಯ ತಾಯಿಯೂ ಹಾಗೆಯೇ. ಹೇಳುವಾಗ ಅವಳ ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು.

ಮೊರದಲ್ಲಿ ಆಡುತ್ತಿದ್ದ ಕಸ್ತೂರಿಬಾಯಿಯ ಕೈ ನಿಂತಿತು.

"ಎಲ್ಲಾ ವಾಟೀನೂ ಹಿಂಗ ಮಾಡ್ತಿದ್ದಿ?"

"ಎಲ್ಲಾನೂ. ಯಾಕ?"

"ಅಣ್ಣಾರು ಬಿತ್ತಲಿಕ್ಕಿ ಒಯ್ತಿದ್ದದ್ದು?"

"ಅದೇ ಗಡಗೀದು."

ಕಸ್ತೂರಿಬಾಯಿ ಮೊರವನ್ನು ಕೆಳಗಿಟ್ಟಳು. ಹೇಳಲೋ ಬೇಡವೋ ಎಂದು ಒಂದು ಕ್ಷಣ ನೋಡಿದಳು. ಬಿತ್ತುವ ಮನೆಯಲ್ಲಿ ಹುಟ್ಟಿದವಳಿಗೆ ಬೀಜದ ವಿಷಯದಲ್ಲಿ ಸುಳ್ಳಾಡಲು ಬರಲಿಲ್ಲ. "ಅಕ್ಕಾ," ಎಂದಳು, "ಬೆಂಕಿ ಕಂಡ ಕಾಳು ಹುಟ್ಟಂಗಿಲ್ಲ."

ಹೊಲಮನೆಯ ಮೂರು ವರ್ಷದ ಕೂಸಿಗೂ ತಿಳಿದ ಮಾತು ಅದು. ಆದರೆ ನಾಲಬಂದನ ಮನೆಗೆ ಗೇಣು ನೆಲವಿರಲಿಲ್ಲ. ಅವರು ತಲೆತಲಾಂತರದಿಂದ ಜೋಳ ತಂದು ತಿಂದವರೇ ಹೊರತು ಬೀಜ ಕಟ್ಟಿ ಇಟ್ಟವರಲ್ಲ. ಗಯಾಸುದ್ದೀನ್ ಹಣ್ಣು ತಂದು ಕೊಡುತ್ತಿದ್ದ, ತಿಂಗಳ ಮೇಲೆ ಗಡಿಗೆಯಿಂದ ವಾಟೆ ತೆಗೆಯುತ್ತಿದ್ದ. ನಡುವೆ ಆಗುವುದು ಒಲೆಯ ಮುಂದಿನ ಸಂಗತಿ, ಅವನು ಕೇಳಿದವನಲ್ಲ. ವಜೀರಬಿಗೆ ಹೆಂಚು ಗೊತ್ತಿತ್ತು. ಮಣ್ಣಿನಲ್ಲಿ ಆಗುವುದು ಗಂಡಸಿನ ಕೆಲಸ, ಅವಳೂ ಕೇಳಿದವಳಲ್ಲ. ಕಸ್ತೂರಿಬಾಯಿ ಈ ವಾಟೆಯನ್ನು ಕೈಯಲ್ಲಿ ಹಿಡಿದದ್ದೇ ಇವತ್ತು. ಅವಳ ಮನೆಗೆ ಬರುತ್ತಿದ್ದುದು ಹಾಲಿನಲ್ಲಿ ಮುಳುಗಿದ ಕಾಳು.

ವಜೀರಬಿ ತನ್ನ ಎರಡು ಕೈಗಳನ್ನೂ ಮಡಿಲಲ್ಲಿ ಅಂಗಾತ ಇಟ್ಟು, ಬೇರೆಯವರ ಕೈಗಳನ್ನು ನೋಡುವ ಹಾಗೆ ನೋಡಿದಳು. "ನಾನೇ ಸುಟ್ಟೆ," ಎಂದಳು. "ಮೂವತ್ತು ವರ್ಷ ಅವರು ನೀರ ಹಾಕಿದ್ರು. ಎಲ್ಲಾ ನಾ ಸುಟ್ಟು ಕೊಟ್ಟ ಬೀಜಕ್ಕ."

ಅಷ್ಟರಲ್ಲಿ ಹೊಲದ ಕೆಲಸದಿಂದ ಸಲಿಕೆ ಹೊತ್ತು ಬಂದ ಮಹಾರುದ್ರಪ್ಪ ಹೆಂಡತಿಯ ಮುಖ ನೋಡಿ ಏನಾಯಿತೆಂದು ಕೇಳಿದ. ಅವಳು ಹೇಳಿದಳು. ಅವನು ಸಲಿಕೆಯನ್ನು ಮಾವಿನ ಗಿಡಕ್ಕೆ ಒರಗಿಸಿ, ರುಮಾಲು ಬಿಚ್ಚಿ ಮುಖ ಒರೆಸಿಕೊಂಡು, ಕಟ್ಟೆಯ ಆಚೆ ತುದಿಗೆ ಕೂತ. ನಾಲು ಹೊಡೆದ ಮಾತು ಅವನಿಗೆ ನೆನಪಾಗಿರಬೇಕು. ಅವನು ತಲೆ ತಗ್ಗಿಸಿದ.

"ಭಾಬಿ, ಒಂದು ಮಾತು ಹೇಳ್ತೀನಿ, ಕೇಳ್ರಿ," ಎಂದ ಆಮೇಲೆ. "ಹುಟ್ಟೋ ಬೀಜಕ್ಕ ಯಾರರ ನೀರ ಹಾಕ್ತಾರ್ರಿ. ನಾನೂ ಹಾಕ್ತೀನಿ. ಹುಟ್ಟಲಾರದ ಬೀಜಕ್ಕ ಮೂವತ್ತು ವರ್ಷ ಹಾಕಿದಂವ ಅಂವ ಒಬ್ಬನs. ಅದು ಎಲ್ಲೂ ಹೋಗಿಲ್ರಿ. ಕೂಡಲಸಂಗಯ್ಯನ ಮುಂದೂ ಅದ, ನಿಮ್ಮ ಅಲ್ಲಾನ ಮುಂದೂ ಅದ."

ವಜೀರಬಿ ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದಳು. ಗಂಟಿನ ವಾಟೆಯನ್ನೆಲ್ಲ ಬಾವಿಯ ಕಟ್ಟೆಯ ಮೇಲೆ ಸುರಿದಳು. ಹಸಿ ಹಣ್ಣು ಬೇಕು, ಇವತ್ತೇ ಬೇಕು, ಗಿಡದ ಹತ್ತಿರ ಹೋಗೋಣ ಎಂದಳು.

ಮಹಾರುದ್ರಪ್ಪ ಮತ್ತೆ ತಲೆ ತಗ್ಗಿಸಿದ. ಹತ್ತು ದಿನದ ಹಿಂದೆ ಅವನು ಮಗಳ ಮನೆಗೆ ಹುಮನಾಬಾದಿಗೆ ಹೋಗಿದ್ದಾಗ ಯಾರೋ ಬಂದು ಗಿಡಕ್ಕೆ ಕೊಡಲಿ ಹಾಕಿದ್ದರು. ಇದ್ದತ್ತಿನಿಂದ ಈಗಷ್ಟೇ ಎದ್ದವಳಿಗೆ ಅದನ್ನು ಹೇಗೆ ಹೇಳುವುದೆಂದು ತಡೆದಿದ್ದವನು ಈಗ ಹೇಳಿದ.

ಮೂವರೂ ಹೋಗಿ ನೋಡಿದರು. ತೆಂಕಣದ ಮೂರು ಕೊಂಬೆಗಳು ಬುಡದಲ್ಲೇ ಹೋಗಿದ್ದವು. ಕೈಗೆಟುಕುವ, ಕೋಲಿಗೆಟುಕುವ ಒಂದು ಗೊಂಚಲೂ ಉಳಿದಿರಲಿಲ್ಲ. ಗಾಯದಿಂದ ಅಂಟು ಜಿನುಗಿ, ಬಿಸಿಲಿಗೆ ಜೇನಿನ ಬಣ್ಣಕ್ಕೆ ಹೆಪ್ಪುಗಟ್ಟಿತ್ತು. ಆದರೆ ಕಡಿದ ಜಾಗಕ್ಕೆ ನಾಲ್ಕು ಬೆರಳು ಕೆಳಗೆ, ಆಗಲೇ, ತಾಮ್ರದ ಬಣ್ಣದ ಚಿಗುರೊಂದು ಸೂಜಿಯ ಹಾಗೆ ಹೊರಬಂದಿತ್ತು. ವಜೀರಬಿ ಅದನ್ನು ಮುಟ್ಟಲಿಲ್ಲ. ಕೊಡಲಿಯ ಪೆಟ್ಟಿಗೆ ಹತ್ತೇ ದಿನದಲ್ಲಿ ಹೀಗೆ ಉತ್ತರ ಕೊಡುವ ಗಿಡದ ಮುಂದೆ ತಾನು ಅಳುವುದು ನಾಚಿಕೆಯೆನಿಸಿತು.

ನೆತ್ತಿಯಲ್ಲಿ ಕೆಲವು ಹಣ್ಣುಗಳಿದ್ದವು. ಅಲ್ಲಿಗೆ ಯಾರೂ ಹತ್ತುವಂತಿರಲಿಲ್ಲ. ಎರಡು ಪಿಕಳಾರಗಳು ಅಲ್ಲಿ ಕೂತು ತಿನ್ನುತ್ತ, ತಿಂದು ಹಾರಿ ಗುಡ್ಡದ ಕಡೆಯ ಹಾಸುಬಂಡೆಯ ಮೇಲೆ ಕೂರುತ್ತಿದ್ದವು. ವಜೀರಬಿ ಅವುಗಳನ್ನೇ ನೋಡುತ್ತಿದ್ದಳು. ನೋಡಿ ನೋಡಿ, ಬಂಡೆಯ ಬುಡಕ್ಕೆ ಹೋಗಿ ಕುಕ್ಕರಗಾಲಲ್ಲಿ ಕೂತು ತರಗೆಲೆಯನ್ನು ಕೈಯಿಂದ ಸರಿಸತೊಡಗಿದಳು. ಹಕ್ಕಿ ತಿರುಳು ತಿಂದು ಬಿಟ್ಟ ವಾಟೆಗಳು ಅಲ್ಲಿ ಬಿದ್ದಿದ್ದವು. ಕೆಲವು ಈ ವರ್ಷದವು, ಕೆಲವು ಹಳೆಯವು. ಕಸ್ತೂರಿಬಾಯಿ ಸಿಕ್ಕಿದ್ದನ್ನೆಲ್ಲ ಆರಿಸಿ ಅವಳ ಅಂಗೈಯಲ್ಲಿ ಇಟ್ಟಳು.

ಈಗ ವಜೀರಬಿಯ ಕೈಗಳಿಗೆ ಅವುಗಳ ಕೆಲಸ ಬಂತು. ಐವತ್ತು ವರ್ಷ ವಾಟೆ ಒಡೆದ ಕೈ. ಒಡೆಯುವ ಮೊದಲೇ ಒಳಗೆ ಕಾಳಿದೆಯೋ ಪೊಳ್ಳೋ ಎಂದು ಅವಳ ಬೆರಳಿಗೆ ತಿಳಿಯುತ್ತಿತ್ತು. ಒಂದೊಂದನ್ನೂ ಹೆಬ್ಬೆರಳಿನ ಮೇಲೆ ಇಟ್ಟು ತೂಗಿದಳು. ಪೊಳ್ಳು. ಪೊಳ್ಳು. ಇದು ಹುಳ ತಿಂದದ್ದು. ಇದರಲ್ಲಿ ಜೀವ ಇದೆ. ಪಕ್ಕದಲ್ಲಿ ನಿಂತು ನೋಡುತ್ತಿದ್ದ ಕಸ್ತೂರಿಬಾಯಿ, ತಾನು ಬೀಜ ಆರಿಸುವಲ್ಲಿ ಊರಿಗೇ ಮೊದಲಿಗಳೆಂದು ಹೆಸರಾದವಳು, ಇಷ್ಟು ಸೂಕ್ಷ್ಮ ತನಗೆ ಬಾರದು ಎಂದಳು. ಬಿಸಿಲು ಇಳಿಯುವ ತನಕ ಆರಿಸಿದರೂ ಉಳಿದದ್ದು ಹತ್ತೊಂಬತ್ತು.

ಬೀಜ ಹಳತಾಗಬಾರದೆಂದು ಆ ಸಂಜೆಯೇ ಊರಿದರು. ಮಹಾರುದ್ರಪ್ಪ ಹೊಲದೊಳಗೆ, ಬದುವಿನ ಒಳಮಗ್ಗುಲಲ್ಲಿ ಹಾಸಿಗೆಯಷ್ಟು ಜಾಗ ಅಗೆದ. ಗಿಡದ ಬುಡದ ಮಣ್ಣನ್ನೇ ತಂದು ಬೆರೆಸಿದರು. ತಾಯಿಯ ಮಡಿಲ ಮಣ್ಣು ಇರಲಿ ಎಂದು ಕಸ್ತೂರಿಬಾಯಿಯ ವಿಚಾರ. ವಜೀರಬಿ ಬಿಸ್ಮಿಲ್ಲಾ ಎಂದು ಒಂದೊಂದಾಗಿ ಇಟ್ಟಳು. ಮೇಲೆ ತರಗೆಲೆ ಮುಚ್ಚಿದರು.

ಆಮೇಲೆ ಕಾಯುವುದು. ವಜೀರಬಿ ದಿನಾಲು ಹೊತ್ತು ಇಳಿದ ಮೇಲೆ ಬಂದು, ಬಾವಿಯಿಂದ ಒಂದು ಕೊಡ ನೀರು ಸೇದಿ, ಕೈಬೊಗಸೆಯಿಂದ ಚಿಮುಕಿಸಿ ಹೋಗುತ್ತಿದ್ದಳು. ಮಣ್ಣು ನೋಡಿದರೆ ಬರೀ ಮಣ್ಣು. ಐದನೆಯ ದಿನಕ್ಕೇ ಅವಳಿಗೆ ತಾಳ್ಮೆ ತಪ್ಪಿತು. ಒಂದನ್ನು ಕೆದಕಿ ನೋಡಲೇ ಎಂದು ಬೆರಳು ಚಾಚಿ ಹಿಂದಕ್ಕೆ ತೆಗೆದಳು. ಅವರು ಇದನ್ನು ಮೂವತ್ತು ಮಳೆಗಾಲ ಹೇಗೆ ಮಾಡಿದರೋ ಎಂದು ಅವಳಿಗೆ ಆಶ್ಚರ್ಯ. ಮನೆಗೆ ಬಂದು ಎಂದೂ ಮುಖ ಸಣ್ಣದು ಮಾಡಿದವನಲ್ಲ. ಏನಾಯಿತು ಎಂದು ಕೇಳಿದರೆ, ಅವನ ಮರ್ಜಿ ಎಂದು ಮೇಲೆ ತೋರಿಸಿ ಊಟಕ್ಕೆ ಕೂರುತ್ತಿದ್ದ. ಐವತ್ತು ವರ್ಷ ಒಂದೇ ಸೂರಿನಡಿ ಇದ್ದೂ ಆ ಮನುಷ್ಯನ ಒಳಗಿನ ಗಟ್ಟಿತನ ಎಷ್ಟೆಂದು ಅವಳಿಗೆ ತಿಳಿದದ್ದು ಈ ಒಣ ಮಣ್ಣಿನ ಮುಂದೆ ಕೂತಾಗ.

ಮಿರಗ ಹೇಳಿದ ಹೊತ್ತಿಗೇ ಬಂತು. ಎರಡು ದಿನ ಚೆನ್ನಾಗಿ ಹೊಡೆದು ಮೂರನೆಯ ಬೆಳಿಗ್ಗೆ ಹೊಳವಾಯಿತು. ಕಸ್ತೂರಿಬಾಯಿ ಮನೆಯ ತನಕ ತಾನೇ ಬಂದು, ಬಾಗಿಲಲ್ಲಿ ನಿಂತು, "ಅಕ್ಕಾ, ನಡಿ," ಎಂದಷ್ಟೇ ಹೇಳಿದಳು.

ನಾಲ್ಕು ಎದ್ದಿದ್ದವು. ಕೆಂಪು ಛಾಯೆಯ ಕುತ್ತಿಗೆ ಬಾಗಿಸಿಕೊಂಡು, ದಪ್ಪ ದಪ್ಪ ಎರಡು ಬೇಳೆಗಳನ್ನು ಆಗಷ್ಟೇ ಬಿಚ್ಚುತ್ತಿದ್ದವು. ಒಂದರ ತಲೆಯ ಮೇಲೆ ವಾಟೆಯ ಅರ್ಧ ಹೋಳು ಟೋಪಿಯ ಹಾಗೆ ಕೂತಿತ್ತು. ವಜೀರಬಿ ಕೂತು ನೋಡಿದಳು. ಅದೇ ವಾಟೆ. ಹೆಂಚು, ಮರಳು, ಕಲ್ಲು ಎಲ್ಲ ಸೇರಿ ತೆರೆಯಬೇಕಾದದ್ದನ್ನು, ಒಳಗಿನ ಆ ಮೆತ್ತನೆಯ ಕಾಳು ಬರೀ ನೀರು ಕುಡಿದು, ಒಳಗಿನಿಂದ ನೂಕಿ ತೆರೆದಿತ್ತು. ಸುಬಾನಲ್ಲಾ ಎಂದಳು. ಮಹಾರುದ್ರಪ್ಪ ದೂರದಲ್ಲಿ ನಿಂತು, ಎದೆಯ ಮೇಲಿನ ಲಿಂಗವನ್ನು ಅಂಗಿಯ ಮೇಲಿಂದಲೇ ಹಿಡಿದುಕೊಂಡಿದ್ದ.

ಭಾನುವಾರ ವಜೀರಬಿಯ ಮಗ ಫಿರೋಜ್ ಬಂದ. ಅವನಿಗೆ ಹುಮನಾಬಾದಿನಲ್ಲಿ ವೆಲ್ಡಿಂಗ್ ಅಂಗಡಿ. ಎತ್ತುಗಳು ಕಡಿಮೆಯಾದ ಮೇಲೆ ತಂದೆಯ ಕಬ್ಬಿಣವನ್ನು ಅವನು ಆ ದಾರಿಗೆ ಹೊರಳಿಸಿಕೊಂಡಿದ್ದ. ಮೋಟಾರ್ ಸೈಕಲ್ಲಿನ ಹಿಂದೆ ಎದೆಯೆತ್ತರದ ಕಬ್ಬಿಣದ ಜಾಲಿ ಕಟ್ಟಿಕೊಂಡು ಬಂದಿದ್ದ. ಅಬ್ಬಾನ ಗೋರಿಯ ಹತ್ತಿರ ಸಸಿ ನೆಟ್ಟು ಸುತ್ತಲೂ ನಿಲ್ಲಿಸಲು ಮೂರು ದಿನ ಕೂತು ಮಾಡಿದ್ದು; ಮೇಲ್ಪಟ್ಟಿಯಲ್ಲಿ ತಂದೆಯ ಹೆಸರನ್ನೂ ಕೊರೆದಿದ್ದ. ನಾಲ್ಕರಲ್ಲಿ ಎಲ್ಲಕ್ಕಿಂತ ಗಟ್ಟಿಯಾದದ್ದನ್ನು ಮಣ್ಣು ಸಹಿತ ಎತ್ತಿಕೊಂಡು ಹೋಗೋಣ ಎಂದ.

ಮಹಾರುದ್ರಪ್ಪ ಕುಡುಗೋಲಿನ ತುದಿಯಿಂದ ಸಸಿಯ ಪಕ್ಕದ ಮಣ್ಣನ್ನು ಸ್ವಲ್ಪ ಸ್ವಲ್ಪವೇ ಬಿಡಿಸುತ್ತ ಹೋದ. ಬೇರು ಕಂಡಿತು. ಇನ್ನೂ ಬಿಡಿಸಿದ, ಇನ್ನೂ ಇತ್ತು. ಒಂದು ಗೇಣು ದಾಟಿದ ಮೇಲೂ ಅದು ದಾರದಂತೆ ನೇರ ಕೆಳಗೆ ಇಳಿಯುತ್ತಲೇ ಇತ್ತು. ಅವನು ಕೈ ನಿಲ್ಲಿಸಿದ.

"ಮ್ಯಾಲ ನಾಕು ಬೆರಳ ಇಲ್ಲ, ಕೆಳಗ ಗೇಣಿನ ಮ್ಯಾಲ ಹೋಗ್ಯಾದ," ಎಂದ. "ಇದು ನೆಲ ಹಿಡದದ ಭಾಬಿ. ಕಿತ್ತರ ಬದಕ್ತದ ಅಂತ ನಾ ಹೇಳಂಗಿಲ್ಲ. ನಿಮ್ಮ ಮನಸ್ಸು. ಹೇಳಿದ್ಹಂಗ ಮಾಡ್ತೀನಿ."

ಫಿರೋಜ್ ತಾಯಿಯ ಹತ್ತಿರ ಮನೆಮಾತಿನಲ್ಲಿ ಮೆಲ್ಲಗೆ ಹೇಳಿದ. ನಾಲ್ಕಿವೆ, ಒಂದನ್ನು ನೋಡೋಣ. ಇಲ್ಲಿ ಬಿಟ್ಟರೆ ಇದು ಯಾರ ಗಿಡವೆಂದು ಯಾರಿಗೆ ತಿಳಿಯುತ್ತದೆ? ಅಲ್ಲಿದ್ದರೆ ನೀನು ಗೋಡೆಯ ಹತ್ತಿರ ನಿಂತಾಗ ನಿನಗೆ ಕಾಣುತ್ತದೆ.

ಗೋಡೆಯ ಮೇಲೆ ಎದ್ದ ಹಸಿರು ನೆತ್ತಿ ವಜೀರಬಿಗೆ ಎಷ್ಟು ಸಲ ಕಂಡಿತ್ತೋ. ಇದ್ದತ್ತಿನ ನಾಲ್ಕು ತಿಂಗಳು ಅದನ್ನು ನೋಡಿಕೊಂಡೇ ಕಳೆದಿದ್ದಳು. ಅವಳು ಬಗ್ಗಿ ಆ ಬಿಳಿಯ ಬೇರನ್ನು ನೋಡಿದಳು. ಗೊತ್ತಿಲ್ಲದೆ ಮಾಡಿದ್ದಕ್ಕೆ ದೇವರು ಮಾಫಿ ಕೊಟ್ಟಾನು. ಗೊತ್ತಿದ್ದೂ, ಕಣ್ಣಾರೆ ಕಂಡೂ, ತನ್ನ ಕಣ್ಣಿನ ಆಸೆಗೆ ಇನ್ನೊಂದನ್ನು ಕೊಂದರೆ ಯಾವ ಮುಖದಿಂದ ಬೇಡುವುದು?

"ಅಣ್ಣಾರ," ಎಂದಳು, "ಮಣ್ಣು ಮುಚ್ಚರಿ."

ಫಿರೋಜ್ ಮತ್ತೇನೋ ಹೇಳಲು ಹೋದ. ಅವಳು ಅಲ್ಲಿದ್ದ ಎಲ್ಲರಿಗೂ ತಿಳಿಯಲೆಂದು ಕನ್ನಡದಲ್ಲೇ ಹೇಳಿದಳು. "ನನಗ ಕಾಣಬೇಕಂತ ಅವರು ಬಿತ್ತಿದ್ದಿಲ್ಲ ಮಗಾ. ಹಕ್ಕಿ ತಿನ್ನಲಿ ಅಂತ ಬಿತ್ತಿದ್ರು."

ಮಹಾರುದ್ರಪ್ಪ ಮಣ್ಣು ಎಳೆದು ಮುಚ್ಚಿದ. ವಜೀರಬಿ ಅಂಗೈಯಿಂದ ಒತ್ತಿ ಸಮ ಮಾಡಿ ಬೊಗಸೆ ನೀರು ಬಿಟ್ಟಳು. ಫಿರೋಜ್ ಸ್ವಲ್ಪ ಹೊತ್ತು ಅತ್ತ ಮುಖ ಮಾಡಿ ನಿಂತಿದ್ದ. ಆಮೇಲೆ ಹೋಗಿ ಜಾಲಿಯ ಹಗ್ಗ ಬಿಚ್ಚತೊಡಗಿದ. ನಾಲ್ಕು ಸಸಿಗೆ ಒಂದು ಜಾಲಿ ಸಾಲುವುದಿಲ್ಲ, ಇನ್ನೂ ಮೂರು ಬೇಕು ಎಂದು ಕಸ್ತೂರಿಬಾಯಿ ಹೇಳಿದಳು. ಮುಂದಿನ ಭಾನುವಾರ ತರುತ್ತೇನೆ ಎಂದು ಅವನು ಒಪ್ಪಿಕೊಂಡ. ಅಲ್ಲಿಯ ತನಕ ಉಳಿದ ಮೂರಕ್ಕೆ ಮುಳ್ಳು ಹಾಕಲು ಇಬ್ಬರು ಹೆಂಗಸರೂ ಕುಡುಗೋಲು ತೆಗೆದುಕೊಂಡು ಬೋರೆಯ ಪೊದೆಗಳ ಕಡೆ ನಡೆದರು.